ಮಳೆಗಾಲದಲ್ಲಿ ಎಂಜಿನ್ ನೀರು ಕುಡಿಯದಂತೆ ನೋಡಿಕೊಳ್ಳುವುದು ಹೇಗೆ?

ಮುಂಗಾರು ಹಿಡಿದ ಮೇಲೆ ನಮ್ಮ ಸಾಗರ, ಸೊರಬದ ಕಡೆ ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ಬಿಡುವೇ ಇರೋದಿಲ್ಲ. ಗದ್ದೆ ಹೂಡಬೇಕು, ಸಸಿ ಸಾಗಿಸಬೇಕು, ನಟ್ಟಿ ಮುಗಿಸಬೇಕು. ವರದಾ ನದಿ ತುಂಬಿ ಬಂದರೆ ಗದ್ದೆ ಬಯಲಿನ ರಸ್ತೆ ಮೇಲೆಲ್ಲ ನೀರು. ಅತ್ತ ಚಿಕ್ಕೋಡಿ ಕಡೆ ಕೃಷ್ಣಾ, ದೂಧಗಂಗಾ ನದಿಗಳ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಮಾಮೂಲು. ಇಂಥ ದಿನಗಳಲ್ಲಿ ಎಂಜಿನ್ ಒಳಗೆ ನೀರು ಹೋಗಿ ಕೆಟ್ಟು ಕೂತ ಗಾಡಿಗಳು ರಿಪೇರಿ ಶೆಡ್ಡಿಗೆ ಬರಲು ಶುರುವಾಗುತ್ತವೆ.

ನಮ್ಮದು ಭತ್ತ, ಅಡಿಕೆಯ ಮನೆ. ಜೊತೆಗೆ ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿಯ ಒಂದು ಸಣ್ಣ ಶೆಡ್ ಇಟ್ಟುಕೊಂಡಿದ್ದೇನೆ. ಹೀಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಸ್ವಲ್ಪ ಎಚ್ಚರ ಇದ್ದಿದ್ದರೆ ಶೆಡ್ಡಿಗೆ ಬರಬೇಕಾಗಿಯೇ ಇರಲಿಲ್ಲ. ಅದಕ್ಕೇ ಈ ವಾರ ಈ ವಿಷಯ.

ಲೋಟದಷ್ಟು ನೀರೂ ಬೇಡ

ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಪಿಸ್ಟನ್ ಮೇಲೆ ಬಂದು ಆ ಗಾಳಿಯನ್ನು ಒತ್ತುತ್ತದೆ, ಒತ್ತಡಕ್ಕೆ ಗಾಳಿ ಕಾಯುತ್ತದೆ, ಆಗ ಡೀಸೆಲ್ ಸಿಡಿಸಿದರೆ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು. ನೀರನ್ನು ಹಾಗೆ ಒತ್ತಲು ಬರುವುದಿಲ್ಲ. ಎಲ್ಲ ತೊಂದರೆಯ ಮೂಲ ಇದೇ.

ಲೆಕ್ಕ ಹಾಕಿ ನೋಡೋಣ. ಮೂರು ಸಿಲಿಂಡರಿನ, 2,700 ಸಿ.ಸಿ.ಯ ಒಂದು ಟ್ರ್ಯಾಕ್ಟರ್ ಅಂದುಕೊಳ್ಳಿ. ಒಂದೊಂದು ಸಿಲಿಂಡರ್ 900 ಸಿ.ಸಿ. ಡೀಸೆಲ್ ಎಂಜಿನ್ನು ಗಾಳಿಯನ್ನು ಸುಮಾರು 17ರಲ್ಲಿ 1 ಪಾಲಿಗೆ ಒತ್ತುತ್ತದೆ. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 56 ಮಿ.ಲೀ. ಮಾತ್ರ. ಹೋಟೆಲಿನ ಒಂದು ಟೀ ಲೋಟದಷ್ಟೂ ಅಲ್ಲ! 2,500 ಸಿ.ಸಿ.ಯ ನಾಲ್ಕು ಸಿಲಿಂಡರ್ ಪಿಕಪ್ ಆದರೆ ಇನ್ನೂ ಕಮ್ಮಿ, 40 ಮಿ.ಲೀ. ಆಸುಪಾಸು.

ಅದಕ್ಕಿಂತ ಹೆಚ್ಚು ನೀರು ಒಂದೇ ಸಿಲಿಂಡರಿಗೆ ಬಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇರುವುದಿಲ್ಲ. ಆದರೆ ಓಡುತ್ತಿರುವ ಫ್ಲೈವೀಲು ತಳ್ಳುತ್ತಲೇ ಇರುತ್ತದೆ. ನಡುವೆ ಸಿಕ್ಕಿಕೊಂಡ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜೋರಾಗಿ ಓಡುತ್ತಿದ್ದರೆ ರಾಡ್ ಮುರಿದು ಬ್ಲಾಕನ್ನೇ ಒಡೆದು ಹೊರಗೆ ಬರುವುದೂ ಉಂಟು. ಇದಕ್ಕೆ ಮೆಕ್ಯಾನಿಕ್‌ಗಳು ಹೈಡ್ರೋಲಾಕ್ ಅಂತಾರೆ. ನಮ್ಮ ಕಡೆ ಜನ ಸೀದಾ ‘ಎಂಜಿನ್ ನೀರು ಕುಡೀತು’ ಅಂತಾರೆ.

ಹಾಗಂತ ಮಳೆಯಲ್ಲಿ ಗಾಡಿ ಓಡಿಸಲೇಬಾರದು ಅಂತಲ್ಲ. ಗಾಳಿಯ ಜೊತೆ ಹೋಗುವ ಸಣ್ಣ ಹನಿ, ತೇವ ಎಂಜಿನ್ ಕಾವಿಗೆ ಆವಿಯಾಗಿ ಹೋಗುತ್ತದೆ. ತೊಂದರೆ ಕೊಡುವುದು ಒಮ್ಮೆಗೇ ನುಗ್ಗುವ ನೀರು, ಇಲ್ಲವೇ ಗಾಡಿ ನಿಂತಿದ್ದಾಗ ತಿಳಿಯದಂತೆ ಒಳಗೆ ಸೇರಿ ಕೂತ ನೀರು.

ನಿಮ್ಮ ಗಾಡಿ ಎಲ್ಲಿಂದ ಉಸಿರಾಡುತ್ತದೆ?

ಇದನ್ನು ಕೇಳಿದರೆ ಹತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರೂ ಒಂದು ಕ್ಷಣ ಯೋಚನೆ ಮಾಡುತ್ತಾರೆ. ಮೊದಲು ಬಾನೆಟ್ ಎತ್ತಿ ಅದನ್ನು ನೋಡಿಕೊಳ್ಳಿ. ಏರ್ ಕ್ಲೀನರಿನಿಂದ ಹೊರಟ ಪೈಪನ್ನು ಹಿಡಿದು ಹಿಂದಕ್ಕೆ ಹೋದರೆ ಗಾಳಿ ಎಳೆಯುವ ಬಾಯಿ ಸಿಗುತ್ತದೆ.

ಹಳೇ ಟ್ರ್ಯಾಕ್ಟರುಗಳಲ್ಲಿ ಈ ಬಾಯಿ ಬಾನೆಟ್ಟಿನ ಮೇಲೆ, ಟೋಪಿ ಹಾಕಿದ ಬಟ್ಟಲಿನ ಹಾಗೆ ಇರುತ್ತದೆ. ಅದು ಪ್ರೀ-ಕ್ಲೀನರ್. ಹೊಸ ಮಾದರಿಗಳಲ್ಲಿ ಹೆಚ್ಚಾಗಿ ಬಾನೆಟ್ ಒಳಗೇ, ರೇಡಿಯೇಟರ್ ಮುಂದೆ ಇರುತ್ತದೆ. ಪಿಕಪ್, ಜೀಪುಗಳಲ್ಲಿ ಹೆಡ್‌ಲೈಟ್ ಹಿಂದೆ ಅಥವಾ ಮಡ್‌ಗಾರ್ಡ್ ಪಕ್ಕ. ಟಿಲ್ಲರಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿ, ಕೆಸರಿಗೆ ಹತ್ತಿರ.

ಒಂದು ಟೇಪ್ ತಗೊಂಡು ನೆಲದಿಂದ ಆ ಬಾಯಿಯವರೆಗೆ ಎಷ್ಟು ಎತ್ತರ ಅಂತ ಅಳೆಯಿರಿ. ಆ ಎತ್ತರದವರೆಗೂ ನೀರಿಗೆ ಇಳಿಯಬಹುದು ಅಂತ ಮಾತ್ರ ತಿಳಿಯಬೇಡಿ. ಗಾಡಿ ಮುಂದೆ ಹೋದಂತೆ ಮುಂಭಾಗದಲ್ಲಿ ನೀರು ಅಲೆಯಾಗಿ ಏರುತ್ತದೆ. ನೀರು ರೇಡಿಯೇಟರ್ ಫ್ಯಾನಿಗೆ ತಾಗಿದರೆ ಫ್ಯಾನು ಅದನ್ನು ಎಂಜಿನ್ ತುಂಬ ಎರಚುತ್ತದೆ. ಅದಕ್ಕೇ ನಾನು ಹೇಳುವುದು, ನೀರು ಫ್ಯಾನಿನ ರೆಕ್ಕೆಯ ಕೆಳತುದಿ ಮುಟ್ಟುತ್ತದೆ ಅನ್ನುವ ಮಟ್ಟವೇ ನಿಮ್ಮ ಕೊನೆಯ ಗೆರೆ. ಚಾಲಕರು ಬದಲಾಗುವ ಗಾಡಿಯಾದರೆ ಆ ಮಟ್ಟಕ್ಕೆ ಬಂಪರ್ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ.

ಎಂಜಿನ್ ಎಳೆಯುವ ಗಾಳಿಯ ಪ್ರಮಾಣವೂ ಗೊತ್ತಿರಲಿ. ಮೇಲೆ ಹೇಳಿದ 2,700 ಸಿ.ಸಿ. ಎಂಜಿನ್ 1,500 ಆರ್‌ಪಿಎಂನಲ್ಲಿ ಓಡಿದರೆ ನಿಮಿಷಕ್ಕೆ 1,700ರಿಂದ 2,000 ಲೀಟರ್ ಗಾಳಿ ಬೇಕು. ಇಷ್ಟು ಜೋರಾಗಿ ಎಳೆಯುವ ಬಾಯಿ ನೀರಿನ ಮಟ್ಟಕ್ಕೆ ಒಂದು ಕ್ಷಣ ಸಿಕ್ಕರೂ ಸಾಕು, ಟೀ ಲೋಟದ ನೀರು ಒಳಗೆ ಹೋಗಲು ಹೊತ್ತು ಹಿಡಿಯುವುದಿಲ್ಲ.

ಮಳೆಗೆ ಮುಂಚೆ ನೋಡಬೇಕಾದ ಐದು ಜಾಗ

1. ಪ್ರೀ-ಕ್ಲೀನರಿನ ಟೋಪಿ. ಒಡೆದಿದ್ದರೆ, ಸಡಿಲವಾಗಿದ್ದರೆ ಹೊಸದು ಹಾಕಿ. ಟೋಪಿ ಕಳೆದುಹೋಗಿದೆ ಅಂತ ಕೆಲವರು ತೆಂಗಿನ ಗೆರಟೆ, ಪ್ಲಾಸ್ಟಿಕ್ ಡಬ್ಬ ಕವುಚಿ ಓಡಿಸುತ್ತಾರೆ. ಅದು ಬಾಯಿಗೆ ಅಂಟಿ ಕೂತರೆ ಗಾಳಿ ಸಾಲದೆ ಕಪ್ಪು ಹೊಗೆ, ಶಕ್ತಿ ಕಮ್ಮಿ. ಟೋಪಿಯ ಬೆಲೆ ಅಂಥ ದೊಡ್ಡದೇನಲ್ಲ.

2. ಆಯಿಲ್ ಬಾತ್ ಬಟ್ಟಲು. ಎಣ್ಣೆಯ ಏರ್ ಕ್ಲೀನರ್ ಇರುವ ಟ್ರ್ಯಾಕ್ಟರ್, ಟಿಲ್ಲರ್‌ಗಳಲ್ಲಿ ಇದು ಬಹಳ ಮುಖ್ಯ. ನೀರು ಎಣ್ಣೆಗಿಂತ ಭಾರ. ಬಟ್ಟಲಿಗೆ ನೀರು ಸೇರಿದರೆ ಅದು ತಳಕ್ಕೆ ಹೋಗಿ ಎಣ್ಣೆಯನ್ನು ಮೇಲಕ್ಕೆ ಎತ್ತುತ್ತದೆ. ಗುರುತಿನ ಗೆರೆಗಿಂತ ಮೇಲೆ ಬಂದ ಎಣ್ಣೆಯನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಎಣ್ಣೆಯೂ ಇಂಧನವೇ. ಆಗ ಆಕ್ಸಿಲೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಒಣ ಕಾಲದಲ್ಲಿ ಧೂಳಿಗಾಗಿ ಬಟ್ಟಲು ಬಿಚ್ಚುತ್ತೇವಲ್ಲ, ಮಳೆಗಾಲದಲ್ಲಿ ನೀರಿಗಾಗಿ ಬಿಚ್ಚಿ ನೋಡಬೇಕು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ಬಟ್ಟಲು ಒರೆಸಿ, ಗೆರೆಯವರೆಗೆ ಮಾತ್ರ ಹೊಸ ಎಣ್ಣೆ ತುಂಬಿ.

3. ಪೇಪರ್ ಫಿಲ್ಟರ್ ಮತ್ತು ಅದರ ರಬ್ಬರ್ ಮೂತಿ. ಪೇಪರ್ ಫಿಲ್ಟರ್ ಒದ್ದೆಯಾದರೆ ಉಬ್ಬಿ ಗಾಳಿಗೆ ಅಡ್ಡವಾಗುತ್ತದೆ, ಹರಿಯಲೂಬಹುದು. ಒದ್ದೆಯಾದ ಪೇಪರನ್ನು ಒಲೆ ಮುಂದೆ ಒಣಗಿಸಿ ಮತ್ತೆ ಹಾಕಬೇಡಿ, ಬದಲಿಸಿ. ಕ್ಲೀನರ್ ಡಬ್ಬದ ಕೆಳಗೆ ಕೊಕ್ಕಿನ ಹಾಗೆ ಒಂದು ರಬ್ಬರ್ ಇರುತ್ತದೆ. ಧೂಳು, ನೀರು ಹೊರಗೆ ಬೀಳುವುದು ಅಲ್ಲಿಂದಲೇ. ದಿನಾ ಒಮ್ಮೆ ಅದನ್ನು ಕೈಯಲ್ಲಿ ಹಿಂಡಿ. ಹರಿದಿದ್ದರೆ ಅಥವಾ ಗಟ್ಟಿಯಾಗಿ ಬಾಯಿ ಬಿಟ್ಟುಕೊಂಡಿದ್ದರೆ ಕೆಸರು ನೀರಿಗೆ ಅದೇ ಬಾಗಿಲು.

4. ರಬ್ಬರ್ ಪೈಪ್ ಮತ್ತು ಕ್ಲಿಪ್ಪುಗಳು. ಫಿಲ್ಟರ್ ದಾಟಿ ಎಂಜಿನ್‌ವರೆಗೆ ಹೋಗುವ ಪೈಪಿನಲ್ಲಿ ಬಿರುಕು ಇದ್ದರೆ ನೀರಿಗೂ ಧೂಳಿಗೂ ತಡೆಯೇ ಇಲ್ಲ. ಪೈಪನ್ನು ಬಾಗಿಸಿ, ಮಡಿಕೆಗಳ ಒಳಗೆ ಬೆರಳಾಡಿಸಿ ನೋಡಿ. ಬೈಂಡಿಂಗ್ ವೈರ್ ಸುತ್ತಿದ್ದರೆ ಬಿಚ್ಚಿ, ಸರಿಯಾದ ಕ್ಲಿಪ್ ಹಾಕಿ.

5. ಸೈಲೆನ್ಸರ್. ಇದನ್ನು ಬಹಳ ಜನ ಮರೆಯುತ್ತಾರೆ. ಆಕಾಶ ನೋಡಿಕೊಂಡು ನಿಂತ ಸೈಲೆನ್ಸರಿಗೆ ರಾತ್ರಿಯಿಡೀ ಮಳೆ ಬಿದ್ದರೆ ನೀರು ಕೆಳಗಿಳಿಯುತ್ತದೆ. ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿದ್ದರೆ ಆ ನೀರು ಸೀದಾ ಪಿಸ್ಟನ್ ಮೇಲೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ‘ಟಕ್’ ಅಂತ ನಿಂತರೆ ಇದೂ ಕಾರಣ ಇರಬಹುದು. ಸೈಲೆನ್ಸರ್ ತುದಿಯ ಮುಚ್ಚಳ ತುಕ್ಕು ಹಿಡಿದು ತೆರೆದೇ ನಿಂತಿದೆಯೋ ನೋಡಿ. ಮುಚ್ಚಳ ಇಲ್ಲದಿದ್ದರೆ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಒಂದು ತಗಡಿನ ಡಬ್ಬ ಕವುಚಿ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ. ಬಿಸಿ ಸೈಲೆನ್ಸರಿಗೆ ಪ್ಲಾಸ್ಟಿಕ್ ಬೇಡ.

ಐದೂ ನೋಡಿದ ಮೇಲೆ ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಗಾಳಿ ಎಳೆಯುವ ಬಾಯಿಗೆ ಒಂದು ಚಪ್ಪಟೆ ಹಲಗೆ ತುಂಡನ್ನು ಒತ್ತಿ ಹಿಡಿಯಿರಿ. ಎಲ್ಲ ಬಿಗಿಯಾಗಿದ್ದರೆ ಕೆಲವೇ ಕ್ಷಣದಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಓಡುತ್ತಲೇ ಇದ್ದರೆ ನಡುವೆ ಎಲ್ಲೋ ಸೋರಿಕೆ ಇದೆ, ಹುಡುಕಿ. ಇದಕ್ಕೆ ಅಂಗೈ, ಬಟ್ಟೆ, ಪ್ಲಾಸ್ಟಿಕ್ ಬಳಸಬೇಡಿ. ಬಟ್ಟೆ ಒಳಗೆ ಎಳೆದುಹೋದರೆ ಇನ್ನೊಂದು ರಿಪೇರಿ.

ವಾಟರ್ ಸರ್ವಿಸ್ ಮಾಡಿಸುವಾಗ

ನಟ್ಟಿ ಮುಗಿದ ಮೇಲೆ ಕೆಸರು ತೊಳೆಯಲು ಎಲ್ಲರೂ ಪ್ರೆಶರ್ ಪಂಪಿನ ಮುಂದೆ ಗಾಡಿ ನಿಲ್ಲಿಸುತ್ತೇವೆ. ಆ ನೀರಿನ ಏಟಿಗೆ ಮಳೆಯಿಂದ ಆಗದ ಕೆಲಸವೂ ಆಗುತ್ತದೆ. ಎಂಜಿನ್ ಆಫ್ ಇರಬೇಕು. ಪ್ರೀ-ಕ್ಲೀನರ್ ಅಥವಾ ಗಾಳಿಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸೈಲೆನ್ಸರ್ ತುದಿ ತಣ್ಣಗಾದ ಮೇಲೆ ಅದನ್ನೂ ಮುಚ್ಚಿ. ಪೈಪನ್ನು ಕ್ಲೀನರ್ ಕಡೆಗೆ ನೇರವಾಗಿ ಹಿಡಿಯಬೇಡಿ ಅಂತ ತೊಳೆಯುವ ಹುಡುಗನಿಗೆ ಮೊದಲೇ ಹೇಳಿ. ಸ್ಟಾರ್ಟ್ ಮಾಡುವ ಮುಂಚೆ ಚೀಲ ಬಿಚ್ಚಲು ಮರೆಯದಿರಲು ನಾನು ಮಾಡುವ ಉಪಾಯ ಇಷ್ಟು: ಚೀಲ ಕಟ್ಟಿದ ಕೂಡಲೇ ಗಾಡಿಯ ಕೀಲಿಯನ್ನು ಅದೇ ಚೀಲದ ದಾರಕ್ಕೆ ಸಿಕ್ಕಿಸುವುದು. ಕೀಲಿ ಬೇಕು ಅಂದರೆ ಚೀಲ ಬಿಚ್ಚಲೇಬೇಕು.

ನೀರು ದಾಟಲೇಬೇಕಾದರೆ

ಮೊದಲು ಒಂದು ಮಾತು. ಹರಿಯುವ ನೀರು ಎರಡು ಅಡಿ ಇದ್ದರೆ ಬಹುತೇಕ ಪಿಕಪ್‌ಗಳನ್ನೂ ತೇಲಿಸಿಕೊಂಡು ಹೋಗುತ್ತದೆ. ಸೇತುವೆಯ ಅಂಚಿನ ಕಲ್ಲು ಕಾಣದಿದ್ದರೆ, ಹಗ್ಗ ಕಟ್ಟಿ ದಾರಿ ಮುಚ್ಚಿದ್ದರೆ ಹೋಗಬೇಡಿ. ಟ್ರಾಲಿಯಲ್ಲಿ ಜನ ಕೂತಿದ್ದರಂತೂ ಯೋಚನೆಯೂ ಬೇಡ.

ನಿಂತ ನೀರು, ನೆಲ ಗಟ್ಟಿ ಅಂತ ಗೊತ್ತಿರುವ ದಾರಿಯಾದರೆ ಮುಂದೆ ಒಬ್ಬರು ಕೋಲು ಹಿಡಿದು ನಡೆದು ಆಳ ನೋಡಲಿ. ಫಸ್ಟ್ ಗೇರು, ಒಂದೇ ಹದದ ರೇಸು. ನಡುವೆ ಗೇರ್ ಬದಲಿಸಬೇಡಿ, ನಿಲ್ಲಿಸಬೇಡಿ. ಜೋರಾಗಿ ನುಗ್ಗಿದರೆ ಬೇಗ ದಾಟಬಹುದು ಅನ್ನುವುದು ತಪ್ಪು. ಜೋರು ಹೆಚ್ಚಾದಷ್ಟೂ ಮುಂದಿನ ಅಲೆ ಎತ್ತರವಾಗುತ್ತದೆ. ಎದುರಿನಿಂದ ಬಸ್ಸು, ಲಾರಿ ಬರುತ್ತಿದ್ದರೆ ಅದು ದಾಟಿ ಹೋಗುವವರೆಗೆ ದಡದಲ್ಲೇ ಕಾಯಿರಿ. ನಿಮ್ಮ ಅಲೆಗಿಂತ ಅದರ ಅಲೆ ದೊಡ್ಡದು.

ಸ್ನಾರ್ಕೆಲ್, ಅಂದರೆ ಗಾಳಿಯ ಬಾಯಿಯನ್ನು ಮೇಲಕ್ಕೆ ಒಯ್ಯುವ ಪೈಪ್ ಹಾಕಿಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯದೇ, ಆದರೆ ಪೂರ್ತಿ ಬಿಗಿಯಾಗಿದ್ದರೆ ಮಾತ್ರ. ಕೆಳಗೆ ಏರ್ ಬಾಕ್ಸಿನಲ್ಲಿ ಒಂದು ಸಣ್ಣ ತೂತು, ಒಂದು ಸಡಿಲ ಜೋಡಣೆ ಇದ್ದರೂ ಮೇಲಿನ ಪೈಪಿನಿಂದ ಪ್ರಯೋಜನವಿಲ್ಲ. ಮನೆಯಲ್ಲೇ ಪಿವಿಸಿ ಪೈಪಿನಿಂದ ಮಾಡುವವರು ಮೂಲ ಪೈಪಿಗಿಂತ ಸಣ್ಣ ಅಳತೆ ಹಾಕಬೇಡಿ, ಹೆಚ್ಚು ಬೆಂಡು ಕೊಡಬೇಡಿ, ಸೈಲೆನ್ಸರ್ ಬಿಸಿ ತಾಗದಂತೆ ದೂರ ಇಡಿ. ಸ್ನಾರ್ಕೆಲ್ ಇದ್ದರೂ ಗಾಡಿ ದೋಣಿ ಆಗುವುದಿಲ್ಲ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ಲಿನ ಬ್ರೀದರ್ ಮೂಲಕವೂ ನೀರು ಹೋಗುತ್ತದೆ. ಆಳದ ನೀರು ದಾಟಿದ ಮೇಲೆ ಅಲ್ಲಿನ ಎಣ್ಣೆಯ ಬಣ್ಣವನ್ನೂ ನೋಡಬೇಕು.

ಟಿಲ್ಲರಿನವರಿಗೆ ಇನ್ನೊಂದು ಮಾತು. ಹೂಟಿಗೆ ಮುಂಚೆ ಗದ್ದೆಯ ಮೂಲೆ, ಹಳೇ ಗುಂಡಿ, ಕಾಲುವೆ ಬಾಯಿಗಳಿಗೆ ಕೋಲು ನೆಟ್ಟು ಗುರುತು ಮಾಡಿ. ಟಿಲ್ಲರ್ ಮೂತಿ ಗುಂಡಿಗೆ ಇಳಿದರೆ ರೇಸು ಕೊಟ್ಟು ಎತ್ತಲು ಹೋಗಬೇಡಿ, ಕೂಡಲೇ ಎಂಜಿನ್ ನಿಲ್ಲಿಸಿ. ಹೊಳೆ ದಂಡೆಯ ಡೀಸೆಲ್ ಪಂಪ್‌ಸೆಟ್ಟನ್ನು ನೆರೆ ಬರುವ ಮುಂಚೆಯೇ ಮೇಲಿನ ದಿಬ್ಬಕ್ಕೆ ಸಾಗಿಸಿ.

ನೀರಿನಲ್ಲಿ ಎಂಜಿನ್ ನಿಂತರೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಸೆಲ್ಫ್ ಹೊಡೀಬೇಡಿ.

ಎರಡು ವರ್ಷದ ಹಿಂದೆ ಪಕ್ಕದೂರಿನವರೊಬ್ಬರು ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ನನ್ನ ಶೆಡ್ಡಿಗೆ ತಂದರು. ಗಾಡಿ ತುಂಬ ಸಸಿ ಕಟ್ಟುಗಳು. ನಾನು ಕೇಳಿದ ಮೊದಲ ಪ್ರಶ್ನೆ, ‘ನಿಂತ ಮೇಲೆ ಸೆಲ್ಫ್ ಎಷ್ಟು ಸಲ ಹೊಡೆದ್ರಿ ಗೌಡ್ರೆ?’

‘ಏಳೆಂಟು ಸಲ ಹೊಡ್ದೆ ಮಾರಾಯ. ಬರ್ಲಿಲ್ಲ. ಆಮೇಲೆ ಗೇರಿಗೆ ಹಾಕಿ ಎಳ್ಸಿದೆ.’

ಬಿಚ್ಚಿ ನೋಡಿದರೆ ಎರಡು ಕನೆಕ್ಟಿಂಗ್ ರಾಡ್ ಬಾಗಿದ್ದವು. ಎಂಜಿನ್ ಪೂರ್ತಿ ಇಳಿಸಬೇಕಾಯಿತು. ನಟ್ಟಿಯ ವಾರದಲ್ಲಿ ಗಾಡಿ ಇಲ್ಲದೆ ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟರು, ಸಸಿ ಅರ್ಧ ಒಣಗಿತು. ನಿಂತ ಗಾಡಿಯನ್ನು ಹಾಗೇ ನ್ಯೂಟ್ರಲ್‌ನಲ್ಲಿ ತಂದಿದ್ದರೆ ಒಂದೆರಡು ದಿನದ ಕೆಲಸದಲ್ಲಿ ಮುಗಿಯುವ ಸಾಧ್ಯತೆ ಇತ್ತು. ಗೇರಿಗೆ ಹಾಕಿ ಎಳೆಯುವುದು ಸೆಲ್ಫ್ ಹೊಡೆಯುವುದಕ್ಕಿಂತಲೂ ಕೆಟ್ಟದ್ದು. ಸೆಲ್ಫ್ ಮೋಟಾರು ಸೋತು ನಿಲ್ಲಬಹುದು, ಮುಂದೆ ಎಳೆಯುವ ಟ್ರ್ಯಾಕ್ಟರ್ ಸೋಲುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕ್ರಮವಾಗಿ ಹೇಳುತ್ತೇನೆ.

ನೀರು ಏರುತ್ತಿದ್ದರೆ ಗಾಡಿ ಬಿಟ್ಟು ಜನ ಮೊದಲು ಹೊರಗೆ ಬನ್ನಿ. ಗಾಡಿ ಆಮೇಲೆ.

ಅಪಾಯ ಇಲ್ಲದಿದ್ದರೆ ಕೀಲಿ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ನ್ಯೂಟ್ರಲ್‌ನಲ್ಲೇ ತಳ್ಳಿ ಅಥವಾ ಎಳೆಸಿ ದಡಕ್ಕೆ ತನ್ನಿ.

ಏರ್ ಕ್ಲೀನರ್ ಬಿಚ್ಚಿ. ಫಿಲ್ಟರ್ ಒಣಗಿದ್ದು, ಅದರಾಚೆಯ ಪೈಪಿನ ಒಳಗೆ ಬೆರಳಿಗೆ ನೀರು ತಾಗದಿದ್ದರೆ ಬಹುಶಃ ಗಾಳಿಯ ದಾರಿಯಿಂದ ನೀರು ಹೋಗಿಲ್ಲ. ಪೈಪಿನ ಒಳಗೂ ಒದ್ದೆ ಇದ್ದರೆ ಸಿಲಿಂಡರಿನಲ್ಲಿ ನೀರಿದೆ ಅಂತಲೇ ತಿಳಿಯಿರಿ.

ಡಿಪ್‌ಸ್ಟಿಕ್ ಎಳೆದು ನೋಡಿ. ಎಂಜಿನ್ ಆಯಿಲ್ ಹಾಲಿನಂತಾಗಿದ್ದರೆ ಅಥವಾ ಮಟ್ಟ ಏರಿದ್ದರೆ ಕೆಳಗಿನ ಸಂಪಿಗೂ ನೀರು ಹೋಗಿದೆ. ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅಲ್ಲಿಯೂ ನೀರು ಬರುತ್ತದೆಯೇ ಗಮನಿಸಿ.

ಮುಂದಿನದ್ದು ಮೆಕ್ಯಾನಿಕ್ ಕೆಲಸ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ನೀರು ಹೊರಬರಲು ದಾರಿ ಮಾಡಿಕೊಟ್ಟು, ಎಂಜಿನ್ನನ್ನು ಮೊದಲು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಆಮೇಲೆ ಸೆಲ್ಫ್ ಕೊಟ್ಟರೆ ಉಳಿದ ನೀರು ತೂತಿನಿಂದ ಚಿಮ್ಮುತ್ತದೆ, ಎದುರಿಗೆ ಯಾರೂ ಮುಖ ಒಡ್ಡಬಾರದು. ಕಾಮನ್ ರೇಲ್ ಎಂಜಿನ್ನುಗಳಲ್ಲಿ ಡೀಸೆಲ್ ಒತ್ತಡ ವಿಪರೀತ, ಮನೆಯಲ್ಲಿ ಸ್ಪ್ಯಾನರ್ ಹಾಕಬೇಡಿ. ಡಿಕಂಪ್ರೆಷನ್ ಲಿವರ್ ಇರುವ ಸಿಂಗಲ್ ಸಿಲಿಂಡರ್ ಪಂಪ್‌ಸೆಟ್, ಟಿಲ್ಲರ್‌ಗಳಲ್ಲಿ ಆ ಲಿವರ್ ಎತ್ತಿ ಹ್ಯಾಂಡಲ್‌ನಿಂದ ಮೆಲ್ಲಗೆ ತಿರುಗಿಸಬಹುದು. ಬಿಗಿ ಬಂದರೆ ಬಲ ಹಾಕದೆ ನಿಲ್ಲಿಸಿ.

ನೀರು ತೆಗೆದ ಮೇಲೆ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ ಸ್ಟಾರ್ಟ್ ಮಾಡುತ್ತಾರೆ. ಸ್ವಲ್ಪ ಹೊತ್ತು ಲೋಡ್ ಇಲ್ಲದೆ ಓಡಿಸಿ, ಆಯಿಲ್ ಮತ್ತೆ ಬೆಳ್ಳಗಾದರೆ ಇನ್ನೊಮ್ಮೆ ಬದಲಿಸಬೇಕು. ಇಷ್ಟೆಲ್ಲ ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ ಆಗಬೇಕು. ‘ಮಳೆ ಬಿಡಲಿ, ನೋಡೋಣ’ ಅಂತ ವಾರ ಬಿಟ್ಟರೆ ರಿಂಗು, ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯುತ್ತದೆ.

ಸ್ಟಾರ್ಟ್ ಆಯಿತು ಅಂತ ಪೂರ್ತಿ ನಿಶ್ಚಿಂತೆ ಬೇಡ. ಸ್ವಲ್ಪ ಬಾಗಿದ ರಾಡ್ ಇಟ್ಟುಕೊಂಡೂ ಎಂಜಿನ್ ಕೆಲವು ಕಾಲ ಓಡಬಹುದು. ಹೊಸ ಬಡಿತದ ಸದ್ದು, ಒಂದು ಸಿಲಿಂಡರ್ ಸರಿಯಾಗಿ ಕೆಲಸ ಮಾಡದ ಹಾಗೆ ಅದುರು, ಮೊದಲಿಲ್ಲದ ಹೊಗೆ ಕಂಡರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಬಾಗಿದ ರಾಡ್ ಉಳುಮೆಯ ಮಧ್ಯೆ ಮುರಿದರೆ ಬ್ಲಾಕೂ ಹೋಗುತ್ತದೆ.

ವಿಮೆ ಕಾಗದವನ್ನೂ ಒಮ್ಮೆ ತೆಗೆದು ಓದಿ

ನೆರೆಯಿಂದ ಆದ ಹಾನಿಗೆ ವಿಮೆ ಇದೆ ಅಂತ ನಾವು ನಂಬಿರುತ್ತೇವೆ. ಆದರೆ ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿಯಲ್ಲಿ ಕಂಪನಿಗಳು ಹೆಚ್ಚಾಗಿ ಒಪ್ಪುವುದಿಲ್ಲ. ಎಂಜಿನ್ ರಕ್ಷಣೆಗೆ ಬೇರೆ ಹೆಚ್ಚುವರಿ ಕವರ್ ಸಿಗುತ್ತದೆ. ನಿಮ್ಮ ಗಾಡಿಗೆ ಅದು ಇದೆಯಾ, ಷರತ್ತೇನು ಅಂತ ಏಜೆಂಟರನ್ನು ಈಗಲೇ ಕೇಳಿ. ಗಾಡಿ ಮುಳುಗಿದರೆ ಕದಲಿಸುವ ಮುಂಚೆ ನೀರಿನ ಮಟ್ಟ ಕಾಣುವಂತೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, ಕಂಪನಿಗೆ ಕೂಡಲೇ ತಿಳಿಸಿ. ಬಿಚ್ಚುವ ಕೆಲಸ ಆಮೇಲೆ.

ಈ ವಾರದ ಕೆಲಸ

ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಗಾಳಿಯ ಬಾಯಿ ಎಲ್ಲಿದೆ ಹುಡುಕಿ ಎತ್ತರ ಅಳೆಯಿರಿ, ಐದು ಜಾಗ ನೋಡಿ, ಹಲಗೆ ಪರೀಕ್ಷೆ ಮಾಡಿ, ಸೈಲೆನ್ಸರಿಗೆ ಮುಚ್ಚಳ ಹಾಕಿ. ಸವಕಲಾದ ರಬ್ಬರ್, ಕ್ಲಿಪ್‌ಗಳ ಪಟ್ಟಿ ಮಾಡಿ ಪೇಟೆಗೆ ಹೋದಾಗ ತನ್ನಿ. ಮನೆಯಲ್ಲಿ ಗಾಡಿ ಓಡಿಸುವ ಮಗನಿರಲಿ, ತಮ್ಮನಿರಲಿ, ಆಳು ಇರಲಿ, ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಇದನ್ನೆಲ್ಲ ತೋರಿಸಿ. ನೀರಿನಲ್ಲಿ ಗಾಡಿ ನಿಂತ ಹೊತ್ತಿಗೆ ಕೀಲಿ ಇರುವುದು ಅವರ ಕೈಯಲ್ಲಿ. ಸೆಲ್ಫ್ ಹೊಡೆಯಬಾರದು ಅನ್ನುವುದು ಅವರಿಗೆ ಗೊತ್ತಿರಬೇಕು.